ಮೂರನೇ ಬಂದವಳ ಮಾತು ಮೊದಲು ಬಂತು



ನಿಮಗೊಂದು ಸುಲಭದ ಪ್ರಶ್ನೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಹೆಂಗಸರ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಈಜಿನಲ್ಲಿ ಚಿನ್ನ ಗೆದ್ದವರು ಯಾರು? ನೆನಪಿಲ್ಲವೆ? ಹೋಗಲಿ, ಬೆಳ್ಳಿ ಯಾರಿಗೆ ಬಂತು? ಅದೂ ನೆನಪಿಲ್ಲ. ನಾಚಿಕೊಳ್ಳಬೇಡಿ, ಈಜು ಬಲ್ಲವರನ್ನು ಬಿಟ್ಟರೆ ಬೇರೆ ಯಾರಿಗೂ ನೆನಪಿರಲಾರದು. ಆದರೆ ಅದೇ ಸ್ಪರ್ಧೆಯಲ್ಲಿ ಮೂರನೆಯವಳಾಗಿ ಬಂದು, ಆ ಕಂಚನ್ನೂ ಕೆನಡಾದ ಹುಡುಗಿಯೊಬ್ಬಳ ಜೊತೆ ಹಂಚಿಕೊಂಡ ಚೀನಾದ ಇಪ್ಪತ್ತು ವರ್ಷದ ಹೆಣ್ಣುಮಗಳೊಬ್ಬಳ ಮುಖವನ್ನು ಮಾತ್ರ ಲೋಕ ಮರೆಯಲಿಲ್ಲ. ಅವಳ ಹೆಸರು ಫೂ ಯುವಾನ್‌ಹುಯಿ.

ಅವಳಿಗೆ ಆ ಹೆಸರು ಬಂದದ್ದು ಈಜಿನಿಂದ ಮಾತ್ರ ಅಲ್ಲ, ಮಾತಿನಿಂದ. ಅದೂ ಇಂಗ್ಲಿಷ್ ಮಾತಿನಿಂದಲ್ಲ!

ಇಂಗ್ಲಿಷ್ ಇಲ್ಲದೆ ಹೋದರೆ ಲೋಕ ನಮ್ಮನ್ನು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಹಗಲೂ ರಾತ್ರಿ ಊದುವ ನಮ್ಮ ಬುದ್ಧಿವಂತರಿಗೆ ಈ ಹುಡುಗಿಯ ಕಥೆಯನ್ನು ಒಮ್ಮೆ ಬಿಡಿಸಿ ಹೇಳಬೇಕಾಗಿದೆ. ಅದಕ್ಕಿಂತ ಹೆಚ್ಚಾಗಿ ನಿಮಗೆ ಹೇಳಬೇಕಾಗಿದೆ.

ಆ ದಿನ ನಡೆದದ್ದೇನು?

2016ರ ಆಗಸ್ಟ್ 7. ರಿಯೋದಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಸೆಮಿಫೈನಲ್. ಬ್ಯಾಕ್‌ಸ್ಟ್ರೋಕ್ ಎಂದರೆ ಬೇರೇನೂ ಅಲ್ಲ, ನಮ್ಮ ಹಳ್ಳಿಯ ಬಾವಿಯಲ್ಲಿ ಹುಡುಗರು ಮಾಡುವ ಅಂಗಾತ ಈಜು. ಮುಖ ಆಕಾಶಕ್ಕೆ, ಬೆನ್ನು ನೀರಿಗೆ. ಮುಂದೆ ಹೋಗುವ ಗೋಡೆ ಕಾಣುವುದಿಲ್ಲ, ಪಕ್ಕದವಳು ಎಲ್ಲಿದ್ದಾಳೆ ಎಂದೂ ಸರಿಯಾಗಿ ತಿಳಿಯುವುದಿಲ್ಲ. ಕೈ ಗೋಡೆಗೆ ತಾಗಿದ ಮೇಲೆ ತಿರುಗಿ ಫಲಕ ನೋಡಿದರೇ ತನ್ನ ಹಣೆಬರಹ ಗೊತ್ತಾಗುವುದು.

ಫೂ ನೀರಿನಿಂದ ಎದ್ದು ಬಂದಳು. ಚೀನಾದ ದೂರದರ್ಶನದ ವರದಿಗಾರ್ತಿ ಮೈಕು ಹಿಡಿದು ನಿಂತಿದ್ದಳು. ನಿನ್ನ ಸಮಯ 58.95 ಸೆಕೆಂಡು ಎಂದಳು. ಹುಡುಗಿಯ ಕಣ್ಣು ಅಗಲವಾಯಿತು, ಬಾಯಿ ತೆರೆಯಿತು. 58.95? ನಾನು 59 ಅಂದುಕೊಂಡಿದ್ದೆನಲ್ಲ! ಇಷ್ಟು ಜೋರಾಗಿ ಈಜಿದೆನಾ? ನನಗೆ ಬಹಳ ತೃಪ್ತಿ! ಎಂದು ಕೂಗಿಬಿಟ್ಟಳು.

ಇವತ್ತು ಸ್ವಲ್ಪ ಶಕ್ತಿ ಉಳಿಸಿಕೊಂಡೆಯಾ ಎಂದು ವರದಿಗಾರ್ತಿ ಕೇಳಿದಳು. ಉಳಿಸುವುದು ಎಲ್ಲಿ ಬಂತು, ನನ್ನ ಹೋಂಗ್‌ಹುವಾಂಗ್ ಶಕ್ತಿಯನ್ನೆಲ್ಲ ಖರ್ಚು ಮಾಡಿಬಿಟ್ಟೆ ಎಂದಳು. ಹಾಗಾದರೆ ನಾಳೆಯ ಫೈನಲ್ ಬಗ್ಗೆ ತುಂಬ ಆಸೆ ಇಟ್ಟುಕೊಂಡಿದ್ದೀಯಾ? ಇಲ್ಲ, ನನಗೆ ಈಗಲೇ ತೃಪ್ತಿಯಾಗಿದೆ ಎಂದುಬಿಟ್ಟಳು!

ಮಾರನೆಯ ದಿನ ಫೈನಲ್. ಹಂಗೇರಿಯ ಕಟಿಂಕಾ ಹೋಸ್ಸು 58.45ರಲ್ಲಿ ಚಿನ್ನ ಗೆದ್ದಳು. ಅಮೆರಿಕದ ಕ್ಯಾಥ್ಲೀನ್ ಬೇಕರ್ 58.75ರಲ್ಲಿ ಬೆಳ್ಳಿ. ಫೂ ಮತ್ತು ಕೆನಡಾದ ಕೈಲಿ ಮ್ಯಾಸ್ ಇಬ್ಬರೂ 58.76. ಬೆಳ್ಳಿ ತಪ್ಪಿದ್ದು ಒಂದು ಸೆಕೆಂಡಿನ ನೂರರ ಒಂದು ಪಾಲಿನಲ್ಲಿ. ಹುಡುಗಿಗೆ ತಾನು ಪದಕ ಗೆದ್ದಿರುವುದೇ ಗೊತ್ತಿರಲಿಲ್ಲ. ಮೈಕಿನ ಮುಂದೆ ಬಂದಾಗ, ನೀನು ಮೂರನೆಯವಳು ಎಂದು ವರದಿಗಾರ್ತಿಯೇ ತಿಳಿಸಬೇಕಾಯಿತು. ಬೆಳ್ಳಿ ಕೂದಲೆಳೆಯಲ್ಲಿ ತಪ್ಪಿತಲ್ಲ ಎಂದರೆ, ಬಹುಶಃ ನನ್ನ ಕೈ ಗಿಡ್ಡವಾಯಿತೇನೋ ಎಂದಳು.

ಅಷ್ಟೆ. ಇಷ್ಟೇ ಮಾತು. ಯಾರೂ ಬರೆದುಕೊಟ್ಟದ್ದಲ್ಲ, ಬಾಯಿಪಾಠ ಮಾಡಿದ್ದಲ್ಲ.

ಆಮೇಲೆ ನೋಡಿ. ವೀಬೊ ಎಂಬುದು ಚೀನೀಯರ ಸ್ವಂತ ಜಾಲತಾಣ, ಅಲ್ಲಿ ವ್ಯವಹಾರವೆಲ್ಲ ಚೀನೀ ಲಿಪಿಯಲ್ಲೇ. ಆಟಕ್ಕೆ ಮುಂಚೆ ಅಲ್ಲಿ ಅವಳನ್ನು ಹಿಂಬಾಲಿಸುತ್ತಿದ್ದವರ ಸಂಖ್ಯೆ ಕೆಲವೇ ಲಕ್ಷ. ಕೆಲವೇ ದಿನಗಳಲ್ಲಿ ಅದು ಹಲವು ಪಟ್ಟು ಬೆಳೆದು ಹತ್ತಾರು ಲಕ್ಷ ದಾಟಿತು. ಅವಳು ಒಮ್ಮೆ ನೇರ ಪ್ರಸಾರದಲ್ಲಿ ಹರಟೆಗೆ ಕೂತಾಗ ಸುಮಾರು ಒಂದು ಕೋಟಿ ಜನ ನೋಡಿದರೆಂದು ಆಗ ವರದಿಯಾಯಿತು. ಅವಳ ಅಗಲ ಕಣ್ಣು, ತೆರೆದ ಬಾಯಿ, ಸೊಟ್ಟ ಮೂತಿ ಎಲ್ಲವೂ ವ್ಯಂಗ್ಯಚಿತ್ರಗಳಾದವು. ಹುಡುಗರು ಒಬ್ಬರಿಗೊಬ್ಬರು ಕಳಿಸುವ ಪುಟ್ಟ ಮುಖಗಳಾದವು. ಅಭಿಮಾನಿಗಳು ಅವಳಿಗೆ ಪ್ರೀತಿಯಿಂದ ಇಟ್ಟ ಅಡ್ಡಹೆಸರು ಏನು ಗೊತ್ತೆ? ಕೆಸರಿನ ಪ್ರವಾಹ! ನಯ ನಾಜೂಕಿನ ತಿಳಿನೀರಿನ ನಡುವೆ ಗುಡ್ಡ ಕುಸಿದ ಹಾಗೆ ನುಗ್ಗಿ ಬಂದವಳು ಎಂಬ ಅರ್ಥದಲ್ಲಿ.

ಅಲ್ಲಿಗೇ ನಿಲ್ಲಲಿಲ್ಲ. ಆ ಮಾತಿನ ತುಣುಕುಗಳಿಗೆ ಇಂಗ್ಲಿಷ್ ಅಡಿಬರಹ ಹಾಕಿ ಜನ ಲೋಕಕ್ಕೆಲ್ಲ ಹಂಚಿದರು. ಲಂಡನ್ನಿನ, ನ್ಯೂಯಾರ್ಕಿನ ದೊಡ್ಡ ದೊಡ್ಡ ಸುದ್ದಿಸಂಸ್ಥೆಗಳು ಅವಳ ಬಗ್ಗೆ ಬರೆದವು. ಅವಳು ಇಂಗ್ಲಿಷಿಗೆ ಹೋಗಲಿಲ್ಲ, ಇಂಗ್ಲಿಷೇ ಅವಳ ಬಳಿ ಬಂತು!

ಒಂದು ಪದದ ಪಯಣ

ಈಗ ಆ ಪದಕ್ಕೆ ಬರೋಣ. ಹೋಂಗ್‌ಹುವಾಂಗ್.

ಇಂಗ್ಲಿಷ್ ಪತ್ರಿಕೆಗಳು ಇದನ್ನು ತರ್ಜುಮೆ ಮಾಡಲು ಒದ್ದಾಡಿದ್ದು ನೋಡುವಂತಿತ್ತು. ಒಬ್ಬರು ಇತಿಹಾಸಪೂರ್ವದ ಶಕ್ತಿ ಎಂದರು. ಇನ್ನೊಬ್ಬರು ಗೂಢಶಕ್ತಿ ಎಂದರು. ಮತ್ತೊಬ್ಬರು ಆದಿಮ ಶಕ್ತಿ ಎಂದರು. ಯಾವುದೂ ಸರಿ ಕೂರಲಿಲ್ಲ. ಏಕೆಂದರೆ ಆ ಪದದ ಬೇರು ಬಹಳ ಆಳದಲ್ಲಿದೆ.

ಚೀನಾದಲ್ಲಿ ಸಾವಿರ ಅಕ್ಷರಗಳ ಪಾಠ ಎಂಬ ಒಂದು ಹಳೆಯ ಮಕ್ಕಳ ಪಠ್ಯವಿದೆ. ಆರನೇ ಶತಮಾನದಲ್ಲಿ, ಲಿಯಾಂಗ್ ಅರಸರ ಕಾಲದಲ್ಲಿ, ಝೌ ಶಿಂಗ್‌ಸಿ ಎಂಬಾತ ಕಟ್ಟಿದ್ದು. ನಾಲ್ಕು ನಾಲ್ಕು ಅಕ್ಷರದ ಸಾಲುಗಳು, ಒಟ್ಟು ಸಾವಿರ ಅಕ್ಷರ. ಶತಮಾನಗಳ ಕಾಲ ಚೀನೀ ಮಕ್ಕಳು ಅಕ್ಷರ ಕಲಿಯಲು ಕೂತಾಗ ಇದನ್ನು ಉರುಹೊಡೆದರು. ಅದರ ಆರಂಭದಲ್ಲೇ ಈ ಹೋಂಗ್‌ಹುವಾಂಗ್ ಬರುತ್ತದೆ. ಲೋಕ ಇನ್ನೂ ರೂಪುಗೊಳ್ಳದೆ, ಪ್ರಳಯದ ನೀರು ಬಯಲಾಗಿ ಹರಡಿಕೊಂಡಿದ್ದ ಆ ಮೊದಲ ಕಾಲಕ್ಕೆ ಆ ಹೆಸರು. 2015ರಲ್ಲಿ ಹುವಾ ಚಿಯೆನ್‌ಗು ಎಂಬ ಮಾಯಾಲೋಕದ ಧಾರಾವಾಹಿಯೊಂದು ಚೀನಾದಲ್ಲಿ ಜನಪ್ರಿಯವಾಯಿತು. ಅದರಲ್ಲಿ ನಾಯಕಿಯ ಮೈಯೊಳಗೆ ಸೇರಿಕೊಳ್ಳುವ ಭಯಂಕರ ಶಕ್ತಿಗೆ ಇಟ್ಟ ಹೆಸರು ಹೋಂಗ್‌ಹುವಾಂಗ್ ಶಕ್ತಿ. ಮನೆಮನೆಯ ಮಕ್ಕಳ ಬಾಯಿಗೆ ಪದ ಬಂತು. 2016ರಲ್ಲಿ ಈಜುಡುಗೆಯಲ್ಲಿ ಏದುಸಿರು ಬಿಡುತ್ತ ನಿಂತಿದ್ದ ಹುಡುಗಿಯೊಬ್ಬಳ ಬಾಯಿಂದ ಅದು ತಾನಾಗಿ ಹೊರಬಿತ್ತು. ಆ ವರ್ಷದ ಕೊನೆಗೆ ಭಾಷಾಶುದ್ಧಿಗೆಂದೇ ಶಾಂಘೈನಿಂದ ಹೊರಡುವ ಪತ್ರಿಕೆಯೊಂದು ವರ್ಷದ ಹತ್ತು ಜನಪ್ರಿಯ ಪದಗಳ ಪಟ್ಟಿ ಮಾಡಿದಾಗ ಅದರಲ್ಲಿ ಮೊದಲನೆಯದು ಇದೇ!

ಗೆಳೆಯರೆ, ಇದನ್ನು ನಿಧಾನವಾಗಿ ಯೋಚಿಸಿ. ಸಾವಿರದ ಐನೂರು ವರ್ಷದ ಹಿಂದಿನ ಪಾಠದ ಪುಸ್ತಕದಿಂದ ಒಂದು ಪದ ಧಾರಾವಾಹಿಗೆ ಬಂತು. ಧಾರಾವಾಹಿಯಿಂದ ಹದಿಹರೆಯದವರ ಹರಟೆಗೆ ಬಂತು. ಹರಟೆಯಿಂದ ಒಲಿಂಪಿಕ್ಸ್ ಈಜುಕೊಳದ ಅಂಚಿಗೆ ಬಂತು. ಅಲ್ಲಿಂದ ಲೋಕದ ಪತ್ರಿಕೆಗಳಿಗೆ ಹೋಯಿತು. ಒಂದು ಭಾಷೆ ಬದುಕಿದೆ ಎಂದರೆ ಇದು. ಶಾಸನದಲ್ಲಿ ಇದ್ದರೆ ಬದುಕಿದಂತಲ್ಲ, ಪ್ರಶಸ್ತಿ ಬಂದರೆ ಬದುಕಿದಂತಲ್ಲ, ಸಮ್ಮೇಳನದಲ್ಲಿ ಹೋಳಿಗೆ ಊಟ ಹಾಕಿದರೆ ಬದುಕಿದಂತಲ್ಲ. ಇಪ್ಪತ್ತು ವರ್ಷದವರು ಮೈಮರೆತ ಗಳಿಗೆಯಲ್ಲಿ, ಬೆಚ್ಚಿದಾಗ, ಗೆದ್ದಾಗ, ಸೋತಾಗ ಯಾವ ಭಾಷೆಯಲ್ಲಿ ಕೂಗುತ್ತಾರೋ ಆ ಭಾಷೆ ಬದುಕಿದೆ.

ನಾವು ಏನು ಕೂಗುತ್ತೇವೆ? ಬೆಂಗಳೂರಿನ ಯಾವ ಕಾಲೇಜಿನ ಮುಂದಾದರೂ ಫಲಿತಾಂಶದ ದಿನ ನಿಂತು ಕೇಳಿ. ವಾವ್! ಓ ಮೈ ಗಾಡ್! ಯೆಸ್ಸ್! ಅಮ್ಮಾ ಎಂಬ ಕೂಗು ಕೂಡ ಈಗ ಏಟು ಬಿದ್ದಾಗ ಮಾತ್ರ. ಮೈಯ ಕಸುವೆಲ್ಲ ಬಸಿದುಬಿಟ್ಟೆ ಎನ್ನುವ ಸೊಗಸಾದ ಮಾತು ನಮ್ಮಲ್ಲಿಲ್ಲವೆ? ಹೊಲದಲ್ಲಿ ದುಡಿದು ಬಂದ ಅಜ್ಜ ಹೇಳುತ್ತಾನೆ. ಮೊಮ್ಮಗನಿಗೆ ಅದು ಬಾಯಿಗೆ ಬರುವುದಿಲ್ಲ. ಬಂದರೂ ನುಂಗಿಕೊಳ್ಳುತ್ತಾನೆ. ಹಳ್ಳಿ ಗಮಾರ ಎಂದಾರು ಎಂಬ ಭಯ!

ಮೆಚ್ಚಿದ್ದು ಯಾಕೆ?

ಚೀನೀಯರು ಫೂವನ್ನು ಅಷ್ಟೊಂದು ಮೆಚ್ಚಿದ್ದಕ್ಕೆ ಇನ್ನೊಂದು ಕಾರಣವಿದೆ. ಅಲ್ಲಿ ಆಟ ಎಂದರೆ ಸರ್ಕಾರದ ಕೆಲಸ. ಎಳೆಯ ಮಕ್ಕಳನ್ನು ಆರಿಸಿ ಕ್ರೀಡಾ ಶಾಲೆಗೆ ಹಾಕುತ್ತಾರೆ. ಫೂ ಹುಟ್ಟಿದ್ದು 1996ರಲ್ಲಿ, ಹಾಂಗ್‌ಝೌ ನಗರದಲ್ಲಿ. ಚಿಕ್ಕಂದಿನಲ್ಲಿ ಉಬ್ಬಸ ಇತ್ತೆಂದು ಮನೆಯವರು ಈಜಿಗೆ ಹಾಕಿದರು. ಅವಳು ಬೆಳೆದದ್ದು ಅಲ್ಲಿನ ಚೆನ್ ಜಿಂಗ್‌ಲುನ್ ಕ್ರೀಡಾ ಶಾಲೆಯಲ್ಲಿ. ಸುನ್ ಯಾಂಗ್, ಯೆ ಶಿವೆನ್ ಮುಂತಾದ ಚಿನ್ನದ ಈಜುಗಾರರು ಬಂದದ್ದೂ ಅಲ್ಲಿಂದಲೇ. ಅವಳು ಅನಾಮಿಕಳೇನೂ ಆಗಿರಲಿಲ್ಲ. 16ನೇ ವಯಸ್ಸಿಗೆ ಲಂಡನ್ ಒಲಿಂಪಿಕ್ಸ್ ಫೈನಲ್ಲಿನಲ್ಲಿ ಎಂಟನೆಯವಳು. 2015ರಲ್ಲಿ ರಷ್ಯಾದ ಕಜಾನ್‌ನಲ್ಲಿ 50 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ವಿಶ್ವ ಚಾಂಪಿಯನ್. ಆದರೆ ಅವಳ ಆ ಪ್ರಬಲ ಸ್ಪರ್ಧೆ ರಿಯೋ ಒಲಿಂಪಿಕ್ಸ್‌ನಲ್ಲಿ ಇರಲೇ ಇಲ್ಲ. ಅದನ್ನು ಸೇರಿಸುವ ತೀರ್ಮಾನವಾದದ್ದು 2025ರಲ್ಲಿ, 2028ರ ಲಾಸ್ ಏಂಜಲೀಸ್ ಕೂಟಕ್ಕೆ.

ಆ ವ್ಯವಸ್ಥೆಯಲ್ಲಿ ಸೋತವರ ಬಾಯಿಗೆ ಒಂದೇ ಮಾತು ಕಟ್ಟಿಟ್ಟಿದ್ದು, ಕ್ಷಮಿಸಿ. 2012ರಲ್ಲಿ ಲಂಡನ್ನಿನಲ್ಲಿ ಭಾರ ಎತ್ತುವ ವೂ ಜಿಂಗ್‌ಬಿಯಾವೊ ಬೆಳ್ಳಿ ಗೆದ್ದು, ಹೌದು, ಬೆಳ್ಳಿ ಗೆದ್ದು, ಕ್ಯಾಮೆರಾ ಮುಂದೆ ಬಿಕ್ಕಿ ಬಿಕ್ಕಿ ಅತ್ತು ದೇಶದ ಕ್ಷಮೆ ಕೇಳಿದ. ಚಿನ್ನ ಬಾರದ್ದಕ್ಕೆ! ನಾಲ್ಕು ವರ್ಷದ ನಂತರ ಅದೇ ದೇಶದ ಒಬ್ಬಳು ಸೆಮಿಫೈನಲ್ ಮುಗಿಸಿ ಬಂದು ನನಗೆ ತೃಪ್ತಿಯಾಗಿದೆ ಎಂದಾಗ, ತರಬೇತಿಯ ದಿನಗಳು ಸಾವಿಗಿಂತ ಕಷ್ಟವಾಗಿದ್ದವು ಎಂದು ನಗುತ್ತಲೇ ಹೇಳಿದಾಗ, ಜನಕ್ಕೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅವಳು ಕಲಿಸಿಕೊಟ್ಟ ಭಾಷೆ ಬಿಟ್ಟು ಮನೆಯ ಭಾಷೆ ಆಡಿದಳು. ಅಲ್ಲಿ ಎರಡು ಚೀನೀ ಭಾಷೆಗಳಿವೆ ಎಂದು ತಿಳಿಯಿರಿ. ಒಂದು ಸರ್ಕಾರಿ ಚೀನೀ, ಇನ್ನೊಂದು ಜನರ ಚೀನೀ. ಗೆದ್ದದ್ದು ಎರಡನೆಯದು.

ನಮ್ಮ ಕನ್ನಡಕ್ಕೂ ಈ ರೋಗ ಇದೆ. ಮೈಕು ಕಂಡರೆ ನಾವು ಸುತ್ತೋಲೆ ಓದಿದ ಹಾಗೆ ಮಾತಾಡುತ್ತೇವೆ. ಈ ಸಂದರ್ಭದಲ್ಲಿ ಹೇಳಬಯಸುವುದೇನೆಂದರೆ, ಎಂದು ಶುರು. ಇಲ್ಲವಾದರೆ ನೇರ ಇಂಗ್ಲಿಷಿಗೆ ಹಾರಿಕೆ. ನಡುವೆ ಇರುವ ಬಿಸಿ ಕನ್ನಡ, ಅಂಗಳದ ಕನ್ನಡ, ಕ್ರಿಕೆಟ್ ಆಡುವ ಗಲ್ಲಿಯ ಕನ್ನಡ, ಅದನ್ನು ಮೈಕಿನ ಮುಂದೆ ಆಡಲು ನಾಲಿಗೆ ಹೊರಳುವುದಿಲ್ಲ.

ಆಡಬಾರದ ಮಾತು

ಆಗಸ್ಟ್ 13. ಮಹಿಳೆಯರ 4x100 ಮೆಡ್ಲೆ ರಿಲೆ. ಚೀನಾ ನಾಲ್ಕನೆಯದಾಗಿ ಬಂತು, ಪದಕ ತಪ್ಪಿತು. ಗೆಳತಿಯರು ಮೈಕಿನ ಮುಂದೆ ನಿಂತಿದ್ದಾಗ ಫೂ ಪಕ್ಕದಲ್ಲಿ ಹೊಟ್ಟೆ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಳು. ಹೊಟ್ಟೆನೋವೇ ಎಂದು ವರದಿಗಾರ್ತಿ ಕೇಳಿದಳು. ನಿನ್ನೆ ಮುಟ್ಟಾದೆ, ಮೈಯಲ್ಲಿ ಕಸುವಿಲ್ಲ, ಬಹಳ ಸುಸ್ತು, ಆದರೆ ಅದು ನೆಪ ಅಲ್ಲ, ಇವತ್ತು ನಾನು ಚೆನ್ನಾಗಿ ಈಜಲಿಲ್ಲ ಎಂದಳು.

ಒಲಿಂಪಿಕ್ಸ್‌ನ ಕ್ಯಾಮೆರಾ ಮುಂದೆ ಹೆಣ್ಣೊಬ್ಬಳು ಇಷ್ಟು ಸಲೀಸಾಗಿ ಹೇಳಿದ್ದು ಅಪರೂಪ. ಚೀನಾದಲ್ಲಿ ದೊಡ್ಡ ಚರ್ಚೆಯೇ ಆಯಿತು. ಮುಟ್ಟಾದಾಗ ನೀರಿಗೆ ಇಳಿಯುವುದು ಹೇಗೆ ಎಂದು ಕೇಳಿದ ಗಂಡಸರಿಗೆ ಹೆಂಗಸರೇ ತಿಳಿಸಿ ಹೇಳಿದರು. ಹೊರದೇಶದ ಹೆಂಗಸರು ಭೇಷ್ ಎಂದರು. ಅವಳು ಬಳಸಿದ್ದು ಲಿಜಿಯಾ ಎಂಬ ದಿನಬಳಕೆಯ ಪದ. ಅದರ ಅಕ್ಷರಶಃ ಅರ್ಥ ವಾಡಿಕೆಯ ರಜೆ! (ನಮ್ಮ ರಾಜ್ಯದ ಸಂಪುಟ 2025ರಲ್ಲಿ ದುಡಿಯುವ ಹೆಂಗಸರಿಗೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆ ಒಪ್ಪಿದಾಗ ಈ ಪದ ನೆನಪಾಯಿತು.)

ಇಲ್ಲಿ ಭಾಷೆಯ ಮಾತೇನು ಬಂತು ಎನ್ನುತ್ತೀರಾ? ಬಂತು. ಮುಟ್ಟು ಎಂಬ ಅಚ್ಚಗನ್ನಡ ಪದ ನಮ್ಮ ನಗರದ ಹೆಣ್ಣುಮಕ್ಕಳ ಬಾಯಲ್ಲಿ ಈಗ ಇಲ್ಲ. ಪೀರಿಯಡ್ಸ್ ಎನ್ನುತ್ತಾರೆ. ಯಾಕೆ? ಇಂಗ್ಲಿಷಿನಲ್ಲಿ ಹೇಳಿದರೆ ನಾಚಿಕೆ ಕಡಿಮೆಯಂತೆ. ಅಂದರೆ ಮೈಯ ಮಾತು, ನೋವಿನ ಮಾತು, ಪ್ರೀತಿಯ ಮಾತು ಎಲ್ಲವನ್ನೂ ಇಂಗ್ಲಿಷಿಗೆ ಒಪ್ಪಿಸಿ ಕನ್ನಡಕ್ಕೆ ಉಳಿಸಿದ್ದು ಏನು? ಭಾಷಣ ಮತ್ತು ಬೈಗುಳ! ಹೆಣ್ಣುಮಕ್ಕಳ ಮೇಲೆ ತಪ್ಪು ಹೊರಿಸುತ್ತಿಲ್ಲ. ಅವರ ಬಾಯಿ ಮುಚ್ಚಿಸಿದ ನಮ್ಮ ಮನೆ, ನಮ್ಮ ಶಾಲೆ, ನಮ್ಮ ಮಡಿ ಮೈಲಿಗೆಯ ಮೇಲೆ ಹೊರಿಸುತ್ತಿದ್ದೇನೆ. ಕನ್ನಡದಲ್ಲಿ ಹೇಳಿದರೆ ಬೈಯುವ ಮನೆಯಲ್ಲಿ ಮಗಳು ಇಂಗ್ಲಿಷ್ ಕಲಿಯದೆ ಇನ್ನೇನು ಮಾಡುತ್ತಾಳೆ? ಭಾಷಾಭಿಮಾನಿ ಎನಿಸಿಕೊಂಡವನು ಮೊದಲು ಆ ಭಾಷೆಯಲ್ಲಿ ನಿಜ ಹೇಳುವ ಹಕ್ಕನ್ನು ತನ್ನ ಮನೆಯವರಿಗೆ ಕೊಡಬೇಕು.

ಚೀನಾ ದೊಡ್ಡದು, ನಾವು ಚಿಕ್ಕವರು?

ಇಲ್ಲಿ ಒಬ್ಬ ಜಾಣ ಎದ್ದು ನಿಲ್ಲುತ್ತಾನೆ. ಸ್ವಾಮಿ, ಚೀನೀ ಆಡುವವರು ನೂರು ಕೋಟಿ. ಅವರಿಗೆ ಸ್ವಂತ ದೇಶ, ಸ್ವಂತ ದೂರದರ್ಶನ, ಸ್ವಂತ ಜಾಲತಾಣ. ನಮಗೇನಿದೆ? ನಾವು ಇಂಗ್ಲಿಷ್ ಬಿಟ್ಟರೆ ಬಾವಿಯೊಳಗಿನ ಕಪ್ಪೆ.

ಸರಿ, ಅದೇ ಫೈನಲ್ಲಿಗೆ ಹೋಗೋಣ. ಚಿನ್ನ ಗೆದ್ದ ಕಟಿಂಕಾ ಹೋಸ್ಸು ಯಾವ ನಾಡಿನವಳು? ಹಂಗೇರಿ. ಅಲ್ಲಿನ ಜನಸಂಖ್ಯೆ ಸುಮಾರು ಒಂದು ಕೋಟಿ. ಬೆಂಗಳೂರಿನ ಜನರನ್ನು ಎಣಿಸಿದರೆ ಅದಕ್ಕಿಂತ ಕಡಿಮೆ ಇಲ್ಲ! 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರೇ 4.37 ಕೋಟಿ. ಅಷ್ಟು ಸಣ್ಣ ನಾಡಿನ ಭಾಷೆಯಲ್ಲಿ ವಿಶ್ವವಿದ್ಯಾಲಯ ನಡೆಯುತ್ತದೆ, ಆಸ್ಪತ್ರೆ ನಡೆಯುತ್ತದೆ, ಈಜಿನ ತರಬೇತಿ ನಡೆಯುತ್ತದೆ. 2017ರ ವಿಶ್ವ ಈಜು ಚಾಂಪಿಯನ್‌ಶಿಪ್ ಬುಡಾಪೆಸ್ಟಿನಲ್ಲೇ ನಡೆಯಿತು. ಹೋಸ್ಸು ಅಮೆರಿಕದಲ್ಲಿ ಓದಿದವಳು, ಇಂಗ್ಲಿಷ್ ಚೆನ್ನಾಗಿ ಬಲ್ಲವಳು. ಬರಲಿ, ತಪ್ಪೇನು? ಇಂಗ್ಲಿಷ್ ಬರುವುದಕ್ಕೂ ಸ್ವಂತ ಭಾಷೆ ಬಾರದಿರುವುದಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ಅವಳೇ ಸಾಕ್ಷಿ. ಆದ್ದರಿಂದ ನಮಗಿರುವ ಕೊರತೆ ತಲೆ ಎಣಿಕೆಯದಲ್ಲ, ತಲೆ ಎತ್ತುವುದರದ್ದು.

ಹಾಗೆಂದು ಚೀನಾವನ್ನು ಪೂಜೆ ಮಾಡಿ ಎಂದು ಹೇಳುತ್ತಿಲ್ಲ. ಒಂದು ಕಹಿ ಸಂಗತಿಯನ್ನೂ ಹೇಳಬೇಕು. ಅಲ್ಲಿ ಪುಟೋಂಗ್‌ಹುವಾ ಎಂಬ ಒಂದೇ ಚೀನೀಯನ್ನು ಸರ್ಕಾರ ಎಲ್ಲರ ಮೇಲೂ ಹೊದಿಸುತ್ತಿದೆ. 2010ರಲ್ಲಿ ಗುವಾಂಗ್‌ಝೌ ನಗರದಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಬೇಕಿತ್ತು. ಹೊರಗಿನವರು ಬರುತ್ತಾರೆ, ಆದ್ದರಿಂದ ನಗರದ ದೂರದರ್ಶನ ಕ್ಯಾಂಟನೀಸ್ ಬಿಟ್ಟು ಹೆಚ್ಚಾಗಿ ಪುಟೋಂಗ್‌ಹುವಾದಲ್ಲಿ ಪ್ರಸಾರ ಮಾಡಲಿ ಎಂಬ ಸಲಹೆ ಹೊರಟಿತು. ನೋಡಿ, ಹೊರಗಿನವರು ಬರುತ್ತಾರೆ, ಆದ್ದರಿಂದ ಒಳಗಿನವರು ಬಾಯಿ ಮುಚ್ಚಬೇಕು! ಈ ರಾಗ ನಮಗೆ ಹೊಸದಲ್ಲ. ಜುಲೈ ತಿಂಗಳಲ್ಲಿ ಅಲ್ಲಿನ ತರುಣರು ಬೀದಿಗಿಳಿದರು. ಪ್ರತಿಭಟನೆಯೇ ಕಷ್ಟವಾದ ಆ ದೇಶದಲ್ಲಿ ತಮ್ಮ ನುಡಿಗಾಗಿ ನಿಂತರು. ಕ್ಯಾಂಟನೀಸನ್ನು ತೆಗೆದುಹಾಕುವ ಉದ್ದೇಶವಿಲ್ಲ ಎಂದು ಅಧಿಕಾರಿಗಳು ಹೇಳಬೇಕಾಯಿತು. ಫೂ ಯುವಾನ್‌ಹುಯಿ ಆಡಿದ ಭಾಷೆ ಲೋಕದ ಮುಂದೆ ಇಂಗ್ಲಿಷಿಗೆ ಸವಾಲು, ತನ್ನ ಮನೆಯೊಳಗೆ ಬೇರೆ ನುಡಿಗಳಿಗೆ ಹಿಂದಿಯ ಹಾಗೆ ದೊಡ್ಡಣ್ಣ. ಆದ್ದರಿಂದ ನಾವು ಕಲಿಯಬೇಕಾದ್ದು ಅವಳಿಂದ, ಅವಳ ಸರ್ಕಾರದಿಂದ ಅಲ್ಲ. ಕನ್ನಡಕ್ಕೆ ನ್ಯಾಯ ಕೇಳುವ ನಾವು ನಮ್ಮ ತುಳು, ಕೊಡವ, ಬ್ಯಾರಿಗಳ ಬಗ್ಗೆಯೂ ಅದೇ ನ್ಯಾಯ ಪಾಲಿಸಬೇಕು ಎಂಬುದನ್ನೂ ಮರೆಯದಿರೋಣ.

ನಮ್ಮ ಈಜುಕೊಳದ ಅಂಚಿನಲ್ಲಿ

ಈಗ ನಮ್ಮ ಊರಿಗೆ ಬನ್ನಿ. ನಮ್ಮಲ್ಲೂ ಒಬ್ಬ ಬ್ಯಾಕ್‌ಸ್ಟ್ರೋಕ್ ಈಜುಗಾರನಿದ್ದಾನೆ. ಬೆಂಗಳೂರಿನ ಶ್ರೀಹರಿ ನಟರಾಜ್. 2021ರಲ್ಲಿ ರೋಮಿನಲ್ಲಿ 100 ಮೀಟರನ್ನು 53.77 ಸೆಕೆಂಡಿನಲ್ಲಿ ಈಜಿ ಟೋಕಿಯೋ ಒಲಿಂಪಿಕ್ಸ್‌ಗೆ ನೇರ ಅರ್ಹತೆ ಪಡೆದ. ಟೋಕಿಯೋದಲ್ಲಿ ಈಜಿದ, 2024ರಲ್ಲಿ ಪ್ಯಾರಿಸ್ಸಿನಲ್ಲೂ ಈಜಿದ. ಎರಡೂ ಕಡೆ ಸೆಮಿಫೈನಲ್ ಕೈಗೆ ಬರಲಿಲ್ಲ. ನಡುವೆ 2023ರಲ್ಲಿ ಏಷ್ಯನ್ ಕ್ರೀಡಾಕೂಟದ 50 ಮೀಟರ್ ಬ್ಯಾಕ್‌ಸ್ಟ್ರೋಕ್ ಫೈನಲ್ ತಲುಪಿ ಆರನೆಯವನಾದ. ಆ ಕೂಟ ನಡೆದದ್ದು ಎಲ್ಲಿ ಗೊತ್ತೆ? ಹಾಂಗ್‌ಝೌನಲ್ಲಿ, ಫೂ ಯುವಾನ್‌ಹುಯಿಯ ಹುಟ್ಟೂರಿನಲ್ಲಿ! ಅಂಗಾತ ಈಜಿನ ನಮ್ಮ ಹುಡುಗ ಅವಳ ಊರಿನ ನೀರಿಗೇ ಇಳಿದು ಬಂದ.

ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಅವನ ಈಜಿನ ಬಗ್ಗೆ ಕನ್ನಡದಲ್ಲಿ ಎಷ್ಟು ಮಾತಾಡಿದೆವು? ಬೈಗುಳ ಬೇಡ, ಲೆಕ್ಕ ಹೇಳಿ. ಟೋಕಿಯೋ ಕೂಟವನ್ನು ಭಾರತದ ಮನೆಗಳಿಗೆ ತಲುಪಿಸಿದ ಖಾಸಗಿ ವಾಹಿನಿಗಳ ವೀಕ್ಷಕ ವಿವರಣೆ ನಾಲ್ಕು ಭಾಷೆಗಳಲ್ಲಿ ಇತ್ತು. ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಬೆಂಗಳೂರಿನ ಹುಡುಗ ನೀರಿನಲ್ಲಿದ್ದ, ಬೆಂಗಳೂರಿನ ಭಾಷೆ ಹೊರಗಿತ್ತು! ನೆರೆಯ ಎರಡು ಭಾಷೆಗಳಿಗೆ ಜಾಗ ಸಿಕ್ಕಿದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವರು ಕೇಳಿದರು, ನೋಡಿದರು, ಪಡೆದರು. ಕ್ರಿಕೆಟ್ಟಿನ ಐಪಿಎಲ್‌ಗೆ 2018ರಲ್ಲಿ ಕನ್ನಡ ವಿವರಣೆ ಬಂತಲ್ಲ, ಅದು ಹೇಗೆ ಬಂತು? ಕನ್ನಡದಲ್ಲಿ ನೋಡುವವರಿದ್ದಾರೆ ಎಂದು ವ್ಯಾಪಾರಿಗೆ ಗೊತ್ತಾದ್ದರಿಂದ ಬಂತು. ವ್ಯಾಪಾರಿಗೆ ಭಾಷೆಯ ಮೇಲೆ ದ್ವೇಷವೂ ಇಲ್ಲ, ಪ್ರೀತಿಯೂ ಇಲ್ಲ. ಗಿರಾಕಿ ಬಾಯಿ ಬಿಟ್ಟು ಕೇಳಬೇಕು ಅಷ್ಟೆ.

ಫೂ ಕಥೆಯಲ್ಲಿ ನಾವು ಮರೆಯುವ ಒಬ್ಬಳಿದ್ದಾಳೆ. ಮೈಕು ಹಿಡಿದು ನಿಂತಿದ್ದ ಆ ವರದಿಗಾರ್ತಿ. ಒಲಿಂಪಿಕ್ಸ್‌ನ ಅಧಿಕೃತ ಭಾಷೆ ಎರಡೇ, ಫ್ರೆಂಚ್ ಮತ್ತು ಇಂಗ್ಲಿಷ್. ಆತಿಥೇಯ ನಾಡಿನ ಭಾಷೆ ಜೊತೆಗೆ ಸೇರುತ್ತದೆ. ರಿಯೋದಲ್ಲಿ ಚೀನೀ ಭಾಷೆಗೆ ಯಾವ ಅಧಿಕಾರವೂ ಇರಲಿಲ್ಲ. ಆದರೂ ನೀರಿನಿಂದ ಎದ್ದು ಬಂದ ಹುಡುಗಿಯ ಮುಂದೆ ಅವಳ ಭಾಷೆಯಲ್ಲೇ ಪ್ರಶ್ನೆ ಕೇಳುವವಳು ಒಬ್ಬಳು ಇದ್ದಳು. ಪ್ರಶ್ನೆ ಚೀನೀಯಲ್ಲಿ ಬಂತು, ಉತ್ತರ ಚೀನೀಯಲ್ಲಿ ಹೊರಟಿತು. ಅದೇ ಪ್ರಶ್ನೆ ಇಂಗ್ಲಿಷಿನಲ್ಲಿ ಬಂದಿದ್ದರೆ? ಐ ಯಾಮ್ ವೆರಿ ಹ್ಯಾಪಿ ಎಂದು ತಲೆ ತಗ್ಗಿಸಿ ಹೋಗುತ್ತಿದ್ದಳು. ಲೋಕಕ್ಕೆ ಫೂ ಯುವಾನ್‌ಹುಯಿ ಸಿಗುತ್ತಲೇ ಇರಲಿಲ್ಲ.

ನಮ್ಮ ಆಟಗಾರರು ಕನ್ನಡ ಮಾತಾಡುವುದಿಲ್ಲ ಎಂದು ಗೊಣಗುವ ಮುನ್ನ ಕೇಳಿಕೊಳ್ಳಿ. ಅವರನ್ನು ಕನ್ನಡದಲ್ಲಿ ಕೇಳಿದವರು ಯಾರು?

ಆದ್ದರಿಂದ ಮಾಡಬೇಕಾದ್ದು

ಬಸ್ಸಿಗೆ ಕಲ್ಲು ಹೊಡೆಯುವ ಕೆಲಸವಲ್ಲ ಇದು, ಬೋರ್ಡಿಗೆ ಮಸಿ ಬಳಿಯುವುದೂ ಅಲ್ಲ. ಅದಕ್ಕಿಂತ ಸುಲಭ, ಅದಕ್ಕಿಂತ ಕಷ್ಟ.

ಒಂದು, ನಿಮ್ಮ ಬಡಾವಣೆಯ ಈಜುಕೊಳದಲ್ಲಿ, ಮೈದಾನದಲ್ಲಿ, ಕಾಲೇಜಿನ ಕ್ರೀಡಾಕೂಟದಲ್ಲಿ ಘೋಷಣೆ ಕನ್ನಡದಲ್ಲಿ ಆಗಲಿ ಎಂದು ಕೇಳಿ. ಮೈಕು ಕೊಟ್ಟರೆ ನೀವೇ ಮಾಡಿ.

ಎರಡು, ನಿಮ್ಮ ಕೈಯಲ್ಲಿರುವ ಫೋನೇ ಈಗ ದೂರದರ್ಶನ ಕೇಂದ್ರ. ಊರಿನ ಆಟಗಾರ್ತಿಯೊಬ್ಬಳು ಗೆದ್ದು ಬಂದಾಗ, ಸೋತು ಬಂದಾಗಲೂ, ಅವಳನ್ನು ಕನ್ನಡದಲ್ಲಿ ಮಾತಾಡಿಸಿ. ಉತ್ತರವನ್ನು ತಿದ್ದಬೇಡಿ. ಧಾರವಾಡದವಳಾದರೆ ಧಾರವಾಡದ ಮಾತೇ ಇರಲಿ, ಮಂಡ್ಯದವಳಾದರೆ ಮಂಡ್ಯದ್ದೇ ಇರಲಿ. ಬೇಕಾದವರು ಇಂಗ್ಲಿಷ್ ಅಡಿಬರಹ ಹಾಕಿಕೊಳ್ಳಲಿ, ಹಿಂದಿ ಅಡಿಬರಹ ಹಾಕಿಕೊಳ್ಳಲಿ.

ಮೂರು, ಮುಂದಿನ ಒಲಿಂಪಿಕ್ಸ್ 2028ರಲ್ಲಿ. ಕನ್ನಡ ವಿವರಣೆ ಬೇಕು ಎಂದು ಈಗಿನಿಂದಲೇ ಪ್ರಸಾರಕರಿಗೆ ಬರೆಯಿರಿ. ಕೂಟ ಶುರುವಾದ ದಿನ ಕೂಗಿದರೆ ಪ್ರಯೋಜನವಿಲ್ಲ.

ನಾಲ್ಕು, ಇದು ಎಲ್ಲಕ್ಕಿಂತ ಮುಖ್ಯ. ಸಂತೋಷವಾದಾಗ ಕನ್ನಡದಲ್ಲಿ ಕೂಗಿ. ತಪ್ಪು ಕನ್ನಡವಾದರೂ ಚಿಂತೆಯಿಲ್ಲ.

ಕೊನೆಗೊಂದು ಮಾತು. ರಿಯೋ ನಂತರ ಫೂಗೆ ಚಿನ್ನದ ಮಳೆಯೇನೂ ಸುರಿಯಲಿಲ್ಲ. 2017ರಲ್ಲಿ ಬುಡಾಪೆಸ್ಟಿನ ವಿಶ್ವಕೂಟದಲ್ಲಿ 50 ಮೀಟರ್ ಚಿನ್ನ ಮತ್ತೆ ತಪ್ಪಿತು. ಬ್ರೆಜಿಲ್‌ನ ಎತಿಯೇನಿ ಮೆಡೈರೋಸ್ 27.14, ಇವಳು 27.15. ಮತ್ತೆ ಅದೇ ನೂರರ ಒಂದು ಪಾಲು! ಮರುವರ್ಷ ಏಷ್ಯನ್ ಕೂಟದಲ್ಲಿ ಬೆಳ್ಳಿ. ಅವಳ ಸಮಯಗಳು ದಾಖಲೆ ಪುಸ್ತಕದ ಒಂದು ಮೂಲೆಯಲ್ಲಿ ಉಳಿಯುತ್ತವೆ, ಇನ್ಯಾರೋ ಮುರಿಯುತ್ತಾರೆ. ಅವಳ ಮಾತು ಮಾತ್ರ ಆ ಭಾಷೆಯ ಸೊತ್ತಾಗಿ ಉಳಿಯಿತು.

ನಮ್ಮ ನಾಡಿನಿಂದಲೂ ಒಬ್ಬಳು ಒಂದು ದಿನ ಆ ಫಲಕದಲ್ಲಿ ತನ್ನ ಹೆಸರು ನೋಡಿ ನೀರಿನಿಂದ ಎದ್ದು ಬರುತ್ತಾಳೆ. ಆ ಗಳಿಗೆಯಲ್ಲಿ ಅವಳ ಬಾಯಿಂದ ಯಾವ ಮಾತು ಬರುತ್ತದೆ ಎಂಬುದು ಇವತ್ತು ನಮ್ಮ ಮನೆಯಲ್ಲಿ, ನಮ್ಮ ಬೀದಿಯಲ್ಲಿ ನಾವು ಆಡುವ ಮಾತಿನಿಂದ ತೀರ್ಮಾನವಾಗುತ್ತದೆ. ಅವಳು ಕನ್ನಡದಲ್ಲಿ ಕೂಗಲಿ. ತರ್ಜುಮೆ ಮಾಡಿಕೊಳ್ಳುವ ಕಷ್ಟ ಲೋಕಕ್ಕಿರಲಿ!